ಬನ್ನಿ ನುಂಗಿದ ದೋಣಿ ಇಂಜಿನ್ನು

ಮಗಳನ್ನು ಚೊಚ್ಚಲ ಹೆರಿಗೆಗೆ ಕರೆಯಲು ಬರುವ ತವರಿನವರ ತಲೆಯ ಮೇಲೆ ಬುತ್ತಿಯ ಬುಟ್ಟಿ ಇರಬೇಕು. ಅದು ನಮ್ಮ ಕಡೆಯ ರೀತಿ. ನಮ್ಮಪ್ಪ ಬಂದದ್ದು ಹೆಗಲ ಮೇಲೆ ಒಂದು ಗೋಣಿಚೀಲ ಹೊತ್ತುಕೊಂಡು, ಅದರೊಳಗೆ ಇದ್ದದ್ದು ದೋಣಿಯ ಇಂಜಿನ್ನು. ಬುಟ್ಟಿಯೂ ಇತ್ತು, ಇಲ್ಲವೆನ್ನಲಾರೆ. ಅದನ್ನು ಕೈಯಲ್ಲಿ ಜೋತುಬಿಟ್ಟುಕೊಂಡು ಬಂದಿದ್ದ. ಆದರೆ ನಮ್ಮ ಅಂಗಳದಲ್ಲಿ ಮೊದಲು ಇಳಿಸಿದ್ದು ಇಂಜಿನ್ನನ್ನು, ಅದೂ ಕೂಸನ್ನು ತೊಟ್ಟಿಲಿಗೆ ಹಾಕುವಷ್ಟು ಮೆಲ್ಲಗೆ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರಲ್ಲ, ಅಪ್ಪನಿಗೆ ಇಂಜಿನ್ನು. ಶೇಂಗಾ ಹೋಳಿಗೆಯ ಬುಟ್ಟಿ ಕಟ್ಟೆಯ ಮೇಲೆ ಅನಾಥವಾಗಿ ಕೂತಿತ್ತು, ಅದರ ಸುತ್ತ ಆಗಲೇ ಕೋಳಿಗಳು ಸೇರಿದ್ದವು.

ಬಾಗಿಲಲ್ಲಿ ನಿಂತ ನನ್ನತ್ತೆ ಇದನ್ನೆಲ್ಲ ನೋಡಿದರು.

“ಬೀಗರ, ಮಗಳನ್ನ ಕರಿಯಾಕ ಬಂದೀರೋ, ರಿಪೇರಿಗೆ ಬಂದೀರೋ?”

“ಎರಡಕ್ಕೂ ಬಂದೇನ್ರಿ ಯಕ್ಕಾ. ಇದು ಚಾಲೂ ಆದ್ರ ಅಕಿನ್ನ ಕರಕೊಂಡು ಹೋಗೂದು. ನಮ್ಮ ಅಳಿಯಾರ ಕೈಯಾಗ ಕೊಟ್ರ ಆಗತೈತಿ ಅಂತ ತಂದೇನಿ.”

ಎಪ್ಪತ್ತರ ದಶಕದ ಮಾತು. ನಾನು ಮದುವೆಯಾಗಿ ವಿಜಾಪುರಕ್ಕೆ ಬಂದು ವರ್ಷ ಕಳೆದಿತ್ತು. ಇಬ್ರಾಹಿಂಪುರದಲ್ಲಿ ರೈಲು ಹಳಿಯ ಹತ್ತಿರ ನಮ್ಮ ಮನೆ, ಮನೆಯ ಮಗ್ಗುಲಲ್ಲಿ ತಗಡಿನ ಒಂದು ಶೆಡ್ಡು. ಅಲ್ಲಿ ನನ್ನ ಗಂಡ ಹೊಲದ ಬಾವಿಗಳ ಡೀಸೆಲ್ ಇಂಜಿನ್ನುಗಳನ್ನು ರಿಪೇರಿ ಮಾಡುತ್ತಿದ್ದರು. ಮನೆಯಲ್ಲಿ ಅವರು, ನಾನು ಮತ್ತು ಅತ್ತೆ, ಮೂರೇ ಜನ. ನನ್ನ ತವರು ಬಬಲೇಶ್ವರ ದಾಟಿ ಹೋದರೆ ಸಿಗುವ ಕೃಷ್ಣಾ ಹೊಳೆಯ ಆಚೆಯ ದಂಡೆಯಲ್ಲಿ. ಅಪ್ಪ ಅಂಬಿಗ. ಹುಟ್ಟು ಹಾಕಿ ಹಾಕಿ ಬಲಗಡೆಯ ಹೆಗಲು ಸೋತು, ತಲೆಗೆ ಪಟಕಾ ಸುತ್ತಲೂ ಕೈ ಮೇಲೇಳದಂತಾದಾಗ, ಎಲ್ಲಿಂದಲೋ ಒಂದು ಹಳೆಯ ಇಂಜಿನ್ನು ತಂದು ದೋಣಿಯ ಹಿಂಬದಿಗೆ ಸಿಗಿಸಿದ್ದ. ಮೇಲೆ ತೂತುಗಳಿದ್ದ ಒಂದು ಟೊಪ್ಪಿಗೆ, ಟೊಪ್ಪಿಗೆಯಿಂದ ಹೊರಗೆ ಚಾಚಿದ ಹಗ್ಗದ ಹಿಡಿಕೆ. ಹಗ್ಗ ಜಗ್ಗಿದರೆ ಚಾಲೂ. ಬಿಟ್ಟರೆ ಹಗ್ಗ ತಾನೇ ಒಳಗೆ ಸುತ್ತಿಕೊಳ್ಳುತ್ತಿತ್ತು. ಅದು ಬಂದ ಮೇಲೆ ಅಪ್ಪನ ಮುಖದಲ್ಲಿ ಮತ್ತೆ ನಗು ಬಂದಿತ್ತು.

ಕುಬಸ, ಅಂದರೆ ಸೀಮಂತ, ಮುಗಿದಿತ್ತು. ದಸರೆ ಆದ ಮೇಲೆ ಬಂದು ನನ್ನನ್ನು ಕರೆದೊಯ್ಯುವುದೆಂದು ಮಾತಾಗಿತ್ತು. ನಾನು ಅವ್ವನ ಮುಖ ನೋಡದೆ ಪಂಚಮಿಯಿಂದ ಕಾದಿದ್ದೆ. ಸೀರೆ ಗಂಟು ಕಟ್ಟಿಟ್ಟಾಗಿತ್ತು. ಈಗ ನೋಡಿದರೆ ದಸರೆಯ ಮರುದಿನದಿಂದ ಇಂಜಿನ್ನು ಸತ್ತುಹೋಗಿದೆ. ಹಗ್ಗ ಬರುತ್ತದೆ, ಹೋಗುತ್ತದೆ, ಇಂಜಿನ್ನು ಮಾತ್ರ ಅಲುಗುವುದಿಲ್ಲ. ಅಪ್ಪ ಒಬ್ಬನೇ ಹೇಗೋ ಎಡಗೈಯಲ್ಲಿ ಹುಟ್ಟು ಹಾಕಿ ದೋಣಿಯನ್ನು ಈಚೆ ದಂಡೆಗೆ ತಂದಿದ್ದ.

ಅತ್ತೆ ತೀರ್ಪು ಕೊಟ್ಟರು. “ತುಂಬಿದ ಹೊಳಿ. ನಿಮ್ಮ ಹೆಗಲು ನೋಡಿದ್ರ ಹಿಂಗ. ಎರಡು ಜೀವದಾಕಿನ್ನ ಹುಟ್ಟು ಹಾಕಿ ದಾಟಸ್ತೇನಿ ಅಂದ್ರ ನಾ ಕಳಸೂದಿಲ್ಲ. ಇದು ನನ್ನ ಕಣ್ಣ ಮುಂದ ಚಾಲೂ ಆಗ್ಲಿ, ಕಳಸ್ತೇನಿ. ಇಲ್ಲಂದ್ರ ಹೆರಿಗಿ ಇಲ್ಲೇ. ದವಾಖಾನಿ ಇಲ್ಲೇ ಐತಿ, ನಾ ಇಲ್ಲೇ ಅದೇನಿ.”

ಸುತ್ತು ಹಾಕಿ ಸೇತುವೆಯ ದಾರಿಯಿಂದ ಹೋಗುವುದೂ ಬೇಡವೆಂದರು. ಆ ರಸ್ತೆಯಲ್ಲಿ ಇಡೀ ದಿನ ಬಸ್ಸಿನಲ್ಲಿ ಕುಲುಕಿದರೆ ಬಸುರಿಯ ಗತಿಯೇನು ಎಂದರು. ಅವರ ಮಾತಿನಲ್ಲಿ ತಪ್ಪು ಒಂದೂ ಇರಲಿಲ್ಲ. ಅದೇ ನನಗೆ ಸಿಟ್ಟು. ತಪ್ಪಿದ್ದರೆ ಜಗಳವನ್ನಾದರೂ ಆಡಬಹುದಿತ್ತು. ದವಾಖಾನೆ ಇತ್ತು, ದಾಯಿ ಇದ್ದಳು, ಅತ್ತೆ ನನ್ನನ್ನು ಎಂದೂ ಹಸಿವಿನಲ್ಲಿ ಕೂರಿಸಿದವರಲ್ಲ. ಆದರೆ ನನಗೆ ಅವ್ವ ಬೇಕಾಗಿತ್ತು. ನೋವು ಬಂದಾಗ ಯಾರ ಹೆಸರು ಕೂಗುತ್ತೇವೋ ಅವರು ಪಕ್ಕದಲ್ಲಿರಬೇಕು. ಅಷ್ಟೇ ನನ್ನ ಆಸೆ. ಅದನ್ನು ಅತ್ತೆಯ ಮುಂದೆ ಹೇಳುವ ಧೈರ್ಯವಿಲ್ಲದೆ ಒಳಗೆ ಹೋಗಿ ರೊಟ್ಟಿ ಬಡಿದೆ. ಅವತ್ತಿನ ರೊಟ್ಟಿಗಳು ಬಹಳ ತೆಳುವಾಗಿದ್ದವು, ಅಷ್ಟು ಜೋರಾಗಿ ಬಡಿದಿದ್ದೆ.

ಊಟವಾದ ಮೇಲೆ ಇಂಜಿನ್ನು ಶೆಡ್ಡಿಗೆ ಹೋಯಿತು. ನನ್ನ ಗಂಡ ಅದರ ಸುತ್ತ ಒಂದು ಸಲ ತಿರುಗಿ, ಎಮ್ಮೆ ಕೊಳ್ಳುವವರ ಹಾಗೆ ಅಲ್ಲಲ್ಲಿ ತಟ್ಟಿ ನೋಡಿದರು. ಅವರು ಕಂಡದ್ದೆಲ್ಲ ಹ್ಯಾಂಡಲ್ ಹಾಕಿ ತಿರುವುವ ಭಾರಿ ಡೀಸೆಲ್ ಇಂಜಿನ್ನುಗಳು. ದೋಣಿಯ ಇಂಜಿನ್ನನ್ನು ವಿಜಾಪುರದ ಒಣನೆಲದಲ್ಲಿ ಯಾರು ಕಂಡಿರುತ್ತಾರೆ? ಗೊತ್ತಿಲ್ಲ ಎಂದು ಮಾವನ ಮುಂದೆ ಒಪ್ಪಿಕೊಂಡರೆ ಅಳಿಯನ ಮರ್ಯಾದೆ ಏನಾಗಬೇಕು?

“ಪ್ಲಗ್ ಹೋಗೇತ್ರಿ ಮಾವಾರ,” ಎಂದರು.

ಪ್ಲಗ್ ಬಿಚ್ಚಿ, ಉಪ್ಪುಕಾಗದದಿಂದ ತಿಕ್ಕಿ, ಕೂಡಿಸಿ ಹಗ್ಗ ಜಗ್ಗಿದರು. ಏನಿಲ್ಲ. ಹಂಗಾದರೆ ಪೆಟ್ರೋಲಿನಲ್ಲಿ ನೀರು ಸೇರಿದೆ ಎಂದರು. ಹಳೆಯದನ್ನು ಚೆಲ್ಲಿ ಹೊಸದು ಹಾಕಿದರು. ಮತ್ತೆ ಏನಿಲ್ಲ. ಅಪ್ಪ ಪ್ರತಿಯೊಂದಕ್ಕೂ “ಹೌದ್ರಿ, ಹೌದ್ರಿ” ಎನ್ನುತ್ತಿದ್ದ. ಅಳಿಯ ಹೇಳಿದರೆ ಹಗಲನ್ನೂ ರಾತ್ರಿ ಅನ್ನುವ ಮನುಷ್ಯ. ಚಹಾ ತಂದ ನಾನು ಲೋಟ ಹಿಡಿದು ನಿಂತು ನೋಡುತ್ತಿದ್ದೆ. ಈ ಇಂಜಿನ್ನಿನ ಮೇಲೆ ಮದುವೆಗೆ ಮುಂಚೆ ಎಷ್ಟು ಸಲ ಹೊಳೆ ದಾಟಿದ್ದೆನೋ! ಅಪ್ಪ ಹಗ್ಗ ಜಗ್ಗುವಾಗ ಮೊದಲು ‘ಕಟ್’ ಎಂದು ಏನೋ ಕಚ್ಚಿದ ಸದ್ದಾಗುತ್ತಿತ್ತು, ಆಮೇಲೆ ಚಕ್ರ ತಿರುಗುತ್ತಿತ್ತು. ಈಗ ಆ ಸದ್ದೇ ಇಲ್ಲ. ಬಾವಿಯ ರಾಟೆಗೆ ಹಗ್ಗ ಹಾಕಿ ಕೊಡವಿಲ್ಲದೆ ಸೇದುವ ಹಾಗೆ ಬರಿ ಸರ್ ಎಂದು ಬರುತ್ತಿದೆ.

“ರೀ, ಇಂಜಿನ್ನ ತಿರುಗಾಕತ್ತಿಲ್ಲ. ಪ್ಲಗ್ ಏನು ಮಾಡೀತು ಪಾಪ? ಮದಲ ಕಟ್ ಅಂತಿತ್ತು, ಈಗ ಅನ್ನಾಕತ್ತಿಲ್ಲ,” ಎಂದೆ.

ಗಂಡ ನನ್ನನ್ನು ನೋಡಿದರು, ಹಗ್ಗವನ್ನು ನೋಡಿದರು, ಇನ್ನೊಂದು ಸಲ ನಿಧಾನವಾಗಿ ಜಗ್ಗಿದರು. “ಹೌದಲ್ಲ,” ಎಂದರು. ಆಮೇಲೆ ಮಾವನ ಕಡೆ ತಿರುಗಿ, “ನಾನೂ ಅದನ್ನ ಹೇಳಾವಿದ್ದೆ,” ಎಂದು ಸೇರಿಸಿದರು. ನಾನು ಚಹಾದ ಲೋಟ ಕೊಟ್ಟು ಸುಮ್ಮನಾದೆ. ಸಂಸಾರ ಮಾಡಬೇಕಲ್ಲ.

ಟೊಪ್ಪಿಗೆಯ ಸ್ಕ್ರೂ ಬಿಚ್ಚಿ ಎತ್ತಿ, ಅಂಗಾತ ಮಲಗಿಸಿ, ಹಗ್ಗ ಸುತ್ತಿದ್ದ ಗಾಲಿಯನ್ನು ಎತ್ತಿದ್ದೇ ತಡ, ಅದರ ಕೆಳಗೆ ಮುದುಡಿ ಕೂತಿದ್ದ ಉದ್ದನೆಯ ಸ್ಪ್ರಿಂಗು ಝಣ್ ಎಂದು ಹೊರಕ್ಕೆ ಹಾರಿತು. ಶೆಡ್ಡಿನ ಬಾಗಿಲು ದಾಟಿ ಅಂಗಳಕ್ಕೆ ಹೋಗಿ ಕೋಳಿಗಳ ನಡುವೆ ಹಾವಿನಂತೆ ಬಿದ್ದು ಒದ್ದಾಡಿತು. ಕೋಳಿಗಳು ಗೋಡೆ ಹತ್ತಿದವು. ಒಳಗಿಂದ ಅತ್ತೆ, “ಏನಾತಲೇ?” ಎಂದು ಕೂಗಿದರು. “ಏನೂ ಇಲ್ಲ ಬೇ,” ಎಂದು ಮೂರು ಜನ ಒಟ್ಟಿಗೇ ಹೇಳಿದೆವು.

ಗಾಲಿಯ ಒಳಮುಖದಲ್ಲಿ ಬೆರಳಿನಷ್ಟು ಉದ್ದದ ಎರಡು ಕಬ್ಬಿಣದ ಹಲ್ಲುಗಳಿದ್ದವು. ಹಗ್ಗ ಜಗ್ಗಿದಾಗ ಅವು ಹೊರಗೆ ಚಾಚಿ ಇಂಜಿನ್ನಿನ ಚಕ್ರವನ್ನು ಕಚ್ಚಿ ತಿರುಗಿಸಬೇಕು. ಇಲ್ಲಿ ನೋಡಿದರೆ ಹಲ್ಲುಗಳು ಕಾಣುತ್ತಲೇ ಇಲ್ಲ. ಅವುಗಳ ಮೇಲೆ ಹಸಿರು, ಹಳದಿ, ಕೆಂಪು ಕೂಡಿದ ಒಂದು ಗಟ್ಟಿ ರೊಜ್ಜು. ನನ್ನ ಗಂಡ ಸ್ಕ್ರೂಡ್ರೈವರಿನ ತುದಿಯಿಂದ ಕೆದರಿ ಒಂದು ಚೂರನ್ನು ಅಂಗೈ ಮೇಲೆ ಇಟ್ಟುಕೊಂಡರು. ಬೆಳಕಿಗೆ ಹಿಡಿದರು. ಎಲೆ. ಸಣ್ಣ ಸಣ್ಣ ಬನ್ನಿ ಎಲೆ, ಅರಿಷಿಣ ಕುಂಕುಮ, ಎಣ್ಣೆ.

ನಮ್ಮ ಕಡೆ ದಸರೆಯಲ್ಲಿ ಮನೆಯ ಹತಾರಗಳನ್ನೆಲ್ಲ ತೊಳೆದು ಖಂಡೆ ಪೂಜೆ ಮಾಡುತ್ತಾರೆ. ಮರುದಿನ ಬನ್ನಿ ಎಲೆಯನ್ನೇ ಬಂಗಾರವೆಂದು ಒಬ್ಬರಿಗೊಬ್ಬರು ಕೊಟ್ಟು, ‘ಬಂಗಾರ ತಗೊಂಡು ಬಂಗಾರದಂಗ ಇರೋಣು’ ಎನ್ನುತ್ತಾರೆ. ಕೂಡಿದವರಿಗೆ, ಮುನಿದವರಿಗೆ, ದನಕರುಗಳಿಗೆ ಸಹ ಬಂಗಾರ ಕೊಡುವ ಜನ ನಾವು. ಆದರೆ ಇಂಜಿನ್ನಿನ ಹೊಟ್ಟೆಯೊಳಕ್ಕೆ ಯಾರೂ ತುರುಕಿದ್ದು ಕೇಳಿರಲಿಲ್ಲ.

ಅಪ್ಪ ತಲೆ ತಗ್ಗಿಸಿದ. “ನಿಮ್ಮವ್ವನ ಕೆಲಸ,” ಎಂದ ನನಗೆ. “ಎಲ್ಲಾರಿಗೂ ಬಂಗಾರ ಕೊಟ್ಟು ಬಂದ್ಲು. ಆಮ್ಯಾಗ ದಂಡಿಗೆ ಬಂದು ಇದರ ಮುಂದ ಕುಂತ್ಲು. ಮ್ಯಾಲೆ ಇಟ್ರ ಗಾಳಿಗೆ ಹಾರತೈತಿ ಅಂತ ಆ ತೂತಿನ್ಯಾಗ ಒಂದೊಂದ ಎಲಿ ಒಳಗ ಹಾಕಿದ್ಲು. ಅರಿಷಿಣ ಕುಂಕುಮದ ನೀರೂ ಹಾಕಿದ್ಲು, ದೀಪದ ಎಣ್ಣೀನೂ ಹಾಕಿದ್ಲು. ಇದೇನ ಹುಚ್ಚಿ ಅಂದೆ. ಮಗಳನ್ನ ಕರಕೊಂಡು ಬರೂದ ಇದು, ಇದಕ್ಕ ಕೊಡದ ಇನ್ಯಾರಿಗೆ ಕೊಡ್ಲಿ ಅಂದ್ಲು. ನಾ ಏನಂತ ಹೇಳ್ಲಿ?”

ನನಗೆ ನಗು ಬಂತು. ನಗುತ್ತಿರುವಾಗಲೇ ಅಳು ಬಂತು, ನಿಲ್ಲಲಿಲ್ಲ. ಹೊಳೆಯ ದಂಡೆಯಲ್ಲಿ ಒಬ್ಬಳೇ ಕೂತು, ಇಂಜಿನ್ನಿಗೆ ಎಲೆ ತಿನ್ನಿಸುತ್ತಿದ್ದ ಅವ್ವ ಕಣ್ಣಿಗೆ ಕಟ್ಟಿದಳು. ನಾನು ಬರಲೆಂದು ಮಾಡಿದ ಕೆಲಸವೇ ನನ್ನ ದಾರಿಗೆ ಅಡ್ಡ ಬಿದ್ದಿತ್ತು. ನನ್ನ ಗಂಡ ಅಂಗೈಯ ಮೇಲಿನ ಆ ಚೂರನ್ನು ಕೆಳಗೆ ಚೆಲ್ಲಲಿಲ್ಲ. ಶೆಡ್ಡಿನ ಗೂಡಿನಲ್ಲಿದ್ದ ದೇವರ ಪಟದ ಮುಂದೆ ಇಟ್ಟು ಬಂದರು. “ಮಾವಾರ, ಊರಿಗೆ ಹೋದ ಮ್ಯಾಲೆ ಅತ್ತ್ಯಾರಿಗೆ ಇದನ್ನ ಹೇಳೂದು ಬ್ಯಾಡ್ರಿ. ಸ್ಪ್ರಿಂಗ್ ಹೋಗಿತ್ತು ಅಂತ ಹೇಳೂಣು,” ಎಂದರು. ಆ ಮಾತಿಗೆ ಅವರ ಎಲ್ಲ ಪ್ಲಗ್ಗುಗಳನ್ನೂ ನಾನು ಕ್ಷಮಿಸಿಬಿಟ್ಟೆ.

ಹಲ್ಲುಗಳನ್ನು ಸೀಮೆಎಣ್ಣೆಯಲ್ಲಿ ನೆನೆಹಾಕಿ ತೊಳೆದದ್ದು ಸುಲಭದ ಕೆಲಸ. ಹಾರಿಹೋದ ಸ್ಪ್ರಿಂಗನ್ನು ಮತ್ತೆ ಸುತ್ತಿ ಕೂಡಿಸುವುದು ಮಾತ್ರ ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುವಂಥದು. ಒಬ್ಬರು ಸುತ್ತುತ್ತ ಹೋಗಬೇಕು, ಸುತ್ತಿದ್ದು ಏಳದಂತೆ ಇನ್ನೊಬ್ಬರು ಒತ್ತಿ ಹಿಡಿಯಬೇಕು. ಅಪ್ಪನ ಬಲಗೈಗೆ ಬಲವಿಲ್ಲ. ಕೊನೆಗೆ ನಾನೇ ಕೂತೆ. ಹಗಲು ಹೊತ್ತಿನಲ್ಲಿ, ಅಪ್ಪನ ಎದುರಿಗೆ, ಗಂಡನ ಬೆರಳುಗಳ ಮೇಲೆ ನನ್ನ ಬೆರಳಿಟ್ಟು ಒತ್ತಿ ಹಿಡಿಯುವುದೆಂದರೆ ಆ ಕಾಲಕ್ಕೆ ಸಣ್ಣ ಮಾತಲ್ಲ. ಅಪ್ಪ ದೊಡ್ಡ ಮನಸ್ಸು ಮಾಡಿ, ಹಳಿಯ ಮೇಲೆ ಹೋಗುತ್ತಿದ್ದ ಗೂಡ್ಸ್ ಗಾಡಿಯ ಡಬ್ಬಿಗಳನ್ನು ಎಣಿಸುತ್ತ ನಿಂತ. ಗಾಡಿ ಹೋದ ಮೇಲೂ ಬಹಳ ಹೊತ್ತು ಆ ಕಡೆಯೇ ನೋಡುತ್ತಿದ್ದ. ಸ್ಪ್ರಿಂಗು ಎರಡು ಸಲ ತಪ್ಪಿಸಿಕೊಂಡಿತು. ಎರಡನೆಯ ಸಲ ತಪ್ಪಿದ್ದು ಸ್ಪ್ರಿಂಗಿನ ಕೈವಾಡ ಒಂದೇ ಅಲ್ಲ ಎಂದು ನನಗೆ ಇವತ್ತಿಗೂ ಅನುಮಾನ.

ಹಗ್ಗವೂ ಹಳೆಯದಾಗಿ ಎಳೆ ಎಳೆ ಬಿಟ್ಟಿತ್ತು. ಗಂಡ ಸೈಕಲ್ ಹತ್ತಿ ಗಾಂಧಿ ಚೌಕಕ್ಕೆ ಹೋಗಿ ಹೊಸದು ತಂದರು. ಬಂದವರ ಮುಖ ಕೆಂಪಾಗಿತ್ತು. ಅಂಗಡಿಯವನು ಹಗ್ಗ ಎಮ್ಮೆಗೋ ಬಾವಿಗೋ ಎಂದು ಕೇಳಿದನಂತೆ. ಇವರು ದೋಣಿಗೆ ಎಂದರಂತೆ. “ದೋಣಿ? ಎಲ್ಲಿ ತೇಲಸಾಂವಾ, ನಮ್ಮ ಓಣಿ ನಳದ ಬುಡಕ?” ಎಂದು ಅವನು ಕೂಗಿ, ಅಕ್ಕಪಕ್ಕದ ಅಂಗಡಿಯವರೆಲ್ಲ ಬಂದು ನಕ್ಕು ಹೋದರಂತೆ.

ನಕ್ಕಿದ್ದರಲ್ಲಿ ತಪ್ಪಿಲ್ಲ. ಏಕೆಂದರೆ ಮುಂದಿನ ಕಷ್ಟವೇ ನೀರಿನದು. ಹೊಸ ಹಗ್ಗ ಕಟ್ಟಿ ಜಗ್ಗಿದಾಗ ‘ಕಟ್’ ಎಂದು ಹಲ್ಲು ಕಚ್ಚಿದ ಸದ್ದು ಕೇಳಿಸಿತು, ನನ್ನ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಆದರೆ ಅಪ್ಪ ಕೈ ಅಡ್ಡ ಹಿಡಿದ. ಈ ಇಂಜಿನ್ನನ್ನು ಒಣನೆಲದ ಮೇಲೆ ಓಡಿಸುವ ಹಾಗಿಲ್ಲ. ಅದು ಹೊಳೆಯ ನೀರನ್ನೇ ಹೀರಿ ಮೈ ತಂಪು ಮಾಡಿಕೊಳ್ಳುವ ಜಾತಿ. ಪಂಖವಿರುವ ಅದರ ಕಾಲು ಮುಳುಗುವಷ್ಟು ನೀರಿಲ್ಲದೆ ಚಾಲೂ ಮಾಡಿದರೆ ಸುಟ್ಟುಹೋಗುತ್ತದೆ. ಅಷ್ಟು ನೀರು ನಮ್ಮ ಮನೆಯಲ್ಲಿ ಇದ್ದದ್ದು ಒಂದೇ ಕಡೆ, ಅತ್ತೆಯ ಡ್ರಮ್ಮಿನಲ್ಲಿ.

ಆ ಡ್ರಮ್ಮಿನ ಬಗ್ಗೆ ಹೇಳಲೇಬೇಕು. ನಳಕ್ಕೆ ನೀರು ಬಂದ ದಿನ ಸರದಿಯಲ್ಲಿ ನಿಂತು, ಜಗಳವಾಡಿ, ಕೊಡಕೊಡ ಹೊತ್ತು ಅತ್ತೆ ತುಂಬಿಸಿಟ್ಟ ಕುಡಿಯುವ ನೀರು ಅದು. ಮೇಲೆ ತಗಡಿನ ಮುಚ್ಚಳ, ಮುಚ್ಚಳದ ಮೇಲೆ ಅರಿವೆ, ಅರಿವೆಯ ಮೇಲೆ ಕಲ್ಲು. ಮುಖ ತೊಳೆಯಲು ಒಂದು ಚರಿಗೆ ಹೆಚ್ಚು ತೆಗೆದರೆ ಅವರಿಗೆ ಒಳಗಿಂದಲೇ ಗೊತ್ತಾಗುತ್ತಿತ್ತು. ಇಂಜಿನ್ನು ಅದರೊಳಗೆ ಓಡಿದರೆ ನೀರಿನ ಮೇಲೆ ಎಣ್ಣೆ ತೇಲುತ್ತದೆ, ದನಕ್ಕೂ ಕುಡಿಸಲು ಬರುವುದಿಲ್ಲ. ಕೇಳುವವರು ಯಾರು? ಗಂಡ ಅಪ್ಪನನ್ನು ನೋಡಿದರು, ಅಪ್ಪ ನನ್ನನ್ನು ನೋಡಿದ. ನಾನು ನೆಲ ನೋಡಿದೆ.

ಅತ್ತೆ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ತಾವೇ ಹೋಗಿ ಕಲ್ಲು ಇಳಿಸಿದರು, ಅರಿವೆ ಮಡಿಚಿದರು, ಮುಚ್ಚಳ ತೆಗೆದರು.

“ಏನ ನೋಡಾಕತ್ತೀರಿ? ತರ್ರಿ ಅದನ್ನ. ಚಂಜಿ ಆಗೂದ್ರಾಗ ಒಂದು ಕಡೆ ಆಗ್ಲಿ.”

ಡ್ರಮ್ಮಿನ ಅಂಚಿಗೆ ಹಲಗೆ ಕೊಟ್ಟು ಇಂಜಿನ್ನು ಬಿಗಿದರು. ಗಂಡ ಹಗ್ಗ ಜಗ್ಗಿದರು. ಮೊದಲ ಸಲ ಗೊರಕೆ. ಇನ್ನೊಂದು ಸಲ ಕೆಮ್ಮು. ಆಮೇಲೆ ಒಮ್ಮೆಗೇ ಭರ್ರೆಂದು ಹೊಡೆದುಕೊಂಡಿತು ನೋಡಿ, ನೀಲಿ ಹೊಗೆ ಅಂಗಳ ತುಂಬಿತು, ಡ್ರಮ್ಮಿನ ನೀರು ಕಾರಂಜಿಯಾಗಿ ಎದ್ದು ನಾಲ್ಕೂ ಜನರ ಮೇಲೆ ಸುರಿಯಿತು. ಓಣಿಯವರೆಲ್ಲ ಗೋಡೆಯ ಆಚೆ ಕೂಡಿದರು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅಪ್ಪ ತನ್ನ ಒಳ್ಳೆಯ ಕೈ ಎತ್ತಿ ಹಣೆಗೆ ಮುಟ್ಟಿಸಿಕೊಂಡ. ಅತ್ತೆಯ ಮುಖದ ಮೇಲೂ ನೀರಿಳಿಯುತ್ತಿತ್ತು. ಅವರು ನಗಲಿಲ್ಲ. ಇಂಜಿನ್ನು ಓಡುವುದನ್ನು ಬಹಳ ಹೊತ್ತು ನೋಡಿ, “ಆತು. ನಾಳೆ ಹೊಂಡ್ರಿ,” ಎಂದು ಒಳಗೆ ಹೋದರು. ಕಳಿಸಲು ಅವರಿಗೆ ಮನಸ್ಸಿಲ್ಲ, ಕೊಟ್ಟ ಮಾತಿಗೆ ಕಳಿಸುತ್ತಿದ್ದಾರೆ ಎಂದುಕೊಂಡೆ.

ಬೆಳಿಗ್ಗೆ ನೋಡಿದರೆ ನನ್ನ ಗಂಟಿನ ಪಕ್ಕ ಇನ್ನೊಂದು ಗಂಟು.

“ನಾನೂ ಬರ್ತೇನಿ. ಹೊಳಿ ದಾಟೂತನಾ ಬರ್ತೇನಿ,” ಎಂದರು ಅತ್ತೆ. ಯಾಕೆ ಎಂದು ಕೇಳುವ ಧೈರ್ಯ ಮಗನಿಗೂ ಇರಲಿಲ್ಲ, ಸೊಸೆಗೂ ಇರಲಿಲ್ಲ. ನನ್ನೊಳಗೆ ಮಾತ್ರ, ನಂಬಿಕೆಯಿಲ್ಲದ ಮುದುಕಿ, ಕಾವಲಿಗೆ ಬರುತ್ತಾಳೆ ಎಂದು ಸಿಟ್ಟು ಹೊಗೆಯಾಡಿತು.

ಬಸ್ಸಿನಲ್ಲಿ ಇಂಜಿನ್ನನ್ನು ಮೇಲೆ ಏರಿಸಲು ಅಪ್ಪ ಒಪ್ಪಲಿಲ್ಲ, ಕಾಲ ಬುಡದಲ್ಲಿ ಇಟ್ಟುಕೊಂಡ. ಕಿಟಕಿಯ ಆಚೆ ಕರಿನೆಲ, ಆಗಷ್ಟೇ ಎದ್ದ ಬಿಳಿಜೋಳದ ಪೈರು. ಬಬಲೇಶ್ವರದಲ್ಲಿ ಇಳಿದು ಚಹಾ ಕುಡಿದು, ಬಾಡಿಗೆಯ ಚಕ್ಕಡಿ ಹಿಡಿದು ಹೊಳೆಗೆ ಬಂದೆವು. ಅತ್ತೆ ತುಂಬಿದ ಹೊಳೆ ಕಂಡದ್ದೇ ನನ್ನ ಮುಂಗೈ ಹಿಡಿದರು. ಬಳೆ ಒಡೆಯುವಷ್ಟು ಬಿಗಿಯಾಗಿ ಹಿಡಿದಿದ್ದರು.

ಆಚೆ ದಂಡೆಯಲ್ಲಿ ಹಸಿರು ಸೀರೆಯ ಒಂದು ಚುಕ್ಕೆ ನಿಂತಿತ್ತು. ಅವ್ವ. ನಾನು ಕೈ ಬೀಸಿದೆ, ಚುಕ್ಕೆಯೂ ಕೈ ಬೀಸಿತು.

ಅಪ್ಪ ಇಂಜಿನ್ನು ಸಿಗಿಸಿದ, ಗಂಡ ಹಗ್ಗ ಜಗ್ಗಿದರು. ಕಟ್ ಎಂದಿತು, ಹೊತ್ತಿಕೊಳ್ಳಲಿಲ್ಲ. ಮತ್ತೆ ಜಗ್ಗಿದರು. ಮತ್ತೆ ಮತ್ತೆ ಜಗ್ಗಿದರು. ಪೆಟ್ರೋಲಿನ ವಾಸನೆ ಗಪ್ಪನೆ ಹೊಡೆಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ, ಈಗ ಅತ್ತೆ ‘ನಡಿ ಮನಿಗೆ’ ಅನ್ನುತ್ತಾರೆ, ಅವ್ವ ಅಲ್ಲೇ ನಿಂತಿರುತ್ತಾಳೆ ಎಂದು ಕಣ್ಣು ಮುಚ್ಚಿದೆ.

“ಲೇ ತಮ್ಮಾ, ತಾಳು,” ಎಂದರು ಅತ್ತೆ. “ಉಸರ ಬಿಡಾಕ ಬಿಡು ಅದಕ. ಅವಸರ ಇಲ್ಲ. ಆಗೂತನಾ ಕುಂದ್ರೂಣು.”

ಎಲ್ಲರೂ ದಂಡೆಯ ಮೇಲೆ ಕೂತೆವು. ಇಂಜಿನ್ನು ಹೆಚ್ಚಿಗೆ ಕುಡಿದ ಪೆಟ್ರೋಲು ಆರಿದ ಮೇಲೆ ಗಂಡ ಎದ್ದು ಒಂದೇ ಸಲ ಜಗ್ಗಿದರು. ಹೊತ್ತಿಕೊಂಡಿತು. ಅತ್ತೆ ನನ್ನ ಕೈ ಬಿಡದೆಯೇ, ಜೀವಮಾನದಲ್ಲಿ ಮೊದಲ ಸಲ, ದೋಣಿಯೊಳಗೆ ಕಾಲಿಟ್ಟರು.

ನಡುಹೊಳೆಯಲ್ಲಿ ಅವರು ಮಾತಾಡಿದರು. ಇಂಜಿನ್ನಿನ ಸದ್ದಿಗೆ ಹಿಂದಿದ್ದ ಗಂಡಸರಿಗೆ ಕೇಳಿಸುವಂತಿರಲಿಲ್ಲ. ನನ್ನನ್ನು ನೋಡದೆ, ಆಚೆ ದಂಡೆಯನ್ನೇ ನೋಡುತ್ತ ಹೇಳಿದರು.

“ನನ್ನ ತವರು ಟಿಕೋಟಾದ ಆಚಿಗೆ, ಡೋಣಿ ಹೊಳಿ ದಾಟಿ ಹೋಗಬೇಕು. ನಿನ್ನ ಗಂಡನ್ಕಿಂತ ಮದಲ ನನ್ನ ಹೊಟ್ಯಾಗ ಒಂದು ಇತ್ತು. ನಮ್ಮಪ್ಪ ಕರಿಯಾಕ ಚಕ್ಕಡಿ ತಂದಿದ್ದ. ಹೊಂಟ್ವಿ. ಡೋಣಿ ತುಂಬಿ ಬಂತು. ಈ ದಂಡ್ಯಾಗ ನಾ, ಆ ದಂಡ್ಯಾಗ ನಮ್ಮವ್ವ. ಕಾಣತಿದ್ಲು, ಕೈ ಮಾಡತಿದ್ಲು. ನೀರು ಇಳೀಲಿಲ್ಲ. ಚಕ್ಕಡ್ಯಾಗ ಹೆರಿಗಿ ಆತು. ಕೂಸು ಉಳೀಲಿಲ್ಲ.”

ನನ್ನ ಗಂಡನಿಗೆ ಈ ಸಂಗತಿ ಗೊತ್ತಿತ್ತೋ ಇಲ್ಲವೋ, ನಾನು ಎಂದೂ ಕೇಳಲಿಲ್ಲ. ಅತ್ತೆಯ ಕೈಯ ಮೇಲೆ ನನ್ನ ಇನ್ನೊಂದು ಕೈ ಇಟ್ಟೆ. ಹಸಿರು ಚುಕ್ಕೆ ದೊಡ್ಡದಾಗುತ್ತ ಬಂತು. ಅವ್ವನ ಮುಖ ಕಂಡಿತು.

ದೋಣಿ ನಿಲ್ಲುವ ಮೊದಲೇ ಅವ್ವ ಮೊಣಕಾಲ ನೀರಿಗೆ ಇಳಿದು ಬಂದಿದ್ದಳು. ಬೀಗತಿಯನ್ನು ಕಂಡು ಗಾಬರಿಯಾಗಿ, “ಯಕ್ಕಾ, ನೀವು ಯಾಕ ಇಷ್ಟು ತ್ರಾಸ ತಗೊಂಡ್ರಿ?” ಎಂದಳು.

ಅತ್ತೆ ಹೊಳೆಯುದ್ದಕ್ಕೂ ಬಿಡದೆ ಹಿಡಿದಿದ್ದ ನನ್ನ ಮುಂಗೈಯನ್ನು ಅವ್ವನ ಕೈಯಲ್ಲಿ ಇಟ್ಟರು.

“ದಾಟಸೂದಿತ್ತರಿ,” ಎಂದರು.

ಆಮೇಲೆ ದಂಡೆಗೆ ಇಳಿದು, ಹೊಳೆಯ ಕಡೆ ಬೆನ್ನು ಮಾಡಿ ಕೂತು, ಸೆರಗು ಬಾಯಿಗಿಟ್ಟುಕೊಂಡು ಅತ್ತರು.